ಮಕ್ಕಳು ಯೇಸುಸ್ವಾಮಿಯನ್ನು ಹೇಗೆ ಕರೆಯಬೇಕು? ಸಲಿಗೆ ಎಲ್ಲಿಯವರೆಗೆ, ಸದರ ಎಲ್ಲಿಂದ?

ಶಿರಿಯ ಹೊಳೆಬದಿ

ಎಲ್ಲರಿಗೂ ನಮಸ್ಕಾರ. ಕುಂಬಳೆಯಿಂದ ಒಳಕ್ಕಿರುವ ಒಂದು ಇಗರ್ಜಿಯಲ್ಲಿ ಹದಿನಾಲ್ಕು ವರ್ಷಗಳಿಂದ ಭಾನುವಾರದ ಧರ್ಮೋಪದೇಶದ ತರಗತಿ ನಡೆಸುತ್ತಿದ್ದೇನೆ. ನಮ್ಮ ಮನೆಮಾತು ಕೊಂಕಣಿಯಲ್ಲಿ ಅದನ್ನು ದೊತೊರ್ನ್ ಎನ್ನುತ್ತೇವೆ. ನನ್ನ ಮಕ್ಕಳು ಮನೆಯಲ್ಲಿ ಕೊಂಕಣಿ, ಆಟದ ಬಯಲಿನಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ ಮಾತನಾಡುವವರು. ಪಾಠ ಮಾತ್ರ ಕನ್ನಡದಲ್ಲಿ.

ಯೇಸುವನ್ನು ರಾಜರೆಂದು ಕೊಂಡಾಡುವ ಕ್ರಿಸ್ತರಾಜರ ಹಬ್ಬಕ್ಕೆ ಇನ್ನು ಮೂರು ವಾರಗಳಿವೆ. ಆ ದಿನ ಪೀಠದ ಮುಂದೆ ಓದಲು ನಿಮ್ಮದೇ ಮಾತಿನಲ್ಲಿ ಒಂದೊಂದು ಸಣ್ಣ ಪ್ರಾರ್ಥನೆ ಬರೆದು ತನ್ನಿ ಎಂದು ಐದನೆಯ ತರಗತಿಯವರಿಗೆ ಹೇಳಿದ್ದೆ. ಹತ್ತೊಂಬತ್ತು ಹಾಳೆಗಳು ಬಂದವು. ಹದಿಮೂರು ಹಾಳೆಗಳು ‘ಹಾಯ್ ಜೀಸಸ್’ ಎಂದೋ ‘ಜೀಸಸ್ ಪ್ಲೀಸ್’ ಎಂದೋ ಆರಂಭವಾಗಿದ್ದವು. ಒಬ್ಬ ಹುಡುಗ ‘ಯೇಸು, ನಾಳೆ ಮಳೆ ಬರಿಸಬೇಡ, ನಮಗೆ ಮ್ಯಾಚ್ ಇದೆ’ ಎಂದು ಬರೆದಿದ್ದ. ಮಕ್ಕಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಯೇಸು ತನ್ನ ಮಾತನ್ನು ಕೇಳಿಸಿಕೊಳ್ಳುತ್ತಾರೆ ಎಂಬ ನಂಬಿಕೆ ಆ ಹುಡುಗನಿಗಿದೆ, ಅದು ಸಣ್ಣ ಸಂಗತಿಯಲ್ಲ. ಆದರೂ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿನಲ್ಲಿ ಕುಳಿತಾಗ ಮನಸ್ಸಿಗೆ ಬಹಳ ಸಂಕಟವಾಯಿತು. ಇದೇ ಮಕ್ಕಳು ಶಾಲೆಗೆ ರಜೆಯ ಅರ್ಜಿ ಬರೆಯುವಾಗ ‘ಮಾನ್ಯರೇ’ ಎಂದು ಆರಂಭಿಸುತ್ತಾರೆ. ಎರಡು ದಿನಗಳ ರಜೆ ಕೊಡುವವರು ಮಾನ್ಯರು, ಪ್ರಾಣ ಕೊಟ್ಟವರಿಗೆ ಹಾಯ್!

ನನ್ನ ಅಜ್ಜಿ ಅಕ್ಷರ ಕಲಿತವರಲ್ಲ. ಸಂಜೆ ತೆರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳುವಾಗ ‘ಜೆಜು’ (ಯೇಸು) ಎಂಬ ಹೆಸರು ಬಂದಲ್ಲೆಲ್ಲ ಅವರ ತಲೆ ಬಾಗುತ್ತಿತ್ತು. ಮರಿಯಮ್ಮನವರಿಗೆ ಹೇಳುವ ಐವತ್ತಮೂರು ‘ನಮಾನ್ ಮರಿಯೆ’ ಪ್ರಾರ್ಥನೆಗಳಲ್ಲಿ ಐವತ್ತಮೂರು ಸಲ. ಚಿಕ್ಕವರಾಗಿದ್ದಾಗ ನಾವು ಅದನ್ನು ಅಜ್ಜಿಯ ಅಭ್ಯಾಸ ಎಂದುಕೊಂಡಿದ್ದೆವು. ಯೇಸುವಿನ ನಾಮಕ್ಕೆ ತಲೆಬಾಗಬೇಕೆಂದು 1274ರಲ್ಲಿ ಲಿಯೋನ್ ಪಟ್ಟಣದ ಮಹಾಸಭೆ ಇಡೀ ಧರ್ಮಸಭೆಗೆ ವಿಧಿಸಿತ್ತೆಂದು ಬಹಳ ವರ್ಷಗಳ ನಂತರ ಒಬ್ಬ ಗುರುಗಳಿಂದ ತಿಳಿಯಿತು. ಏಳು ಶತಮಾನಗಳ ಹಿಂದಿನ ಆ ವಿಧಿ ಶಿರಿಯ ಹೊಳೆಬದಿಯ ಒಂದು ಮಣ್ಣಿನ ಮನೆಯವರೆಗೆ ಬಂದು, ಓದುಬರಹ ಇಲ್ಲದ ಒಬ್ಬ ಹೆಂಗಸಿನ ಕತ್ತಿನಲ್ಲಿ ನೆಲೆಸಿತ್ತು. ನನ್ನ ತಲೆಮಾರಿನಲ್ಲಿ ಅದು ಕಡಿಮೆಯಾಯಿತು. ನನ್ನ ವಿದ್ಯಾರ್ಥಿಗಳಲ್ಲಿ ಇಲ್ಲವೇ ಇಲ್ಲ.

ನಿಮ್ಮ ಮನೆಗಳಲ್ಲಿ, ನಿಮ್ಮ ಸಭೆಗಳಲ್ಲಿ ಏನೆಂದು ಕರೆಯುತ್ತೀರಿ? ಮಕ್ಕಳಿಗೆ ಏನು ಹೇಳಿಕೊಡಲಿ? ಹಾಳೆಗಳನ್ನು ತಿದ್ದಬೇಕೋ, ಬಿಡಬೇಕೋ?

ಮಂಜೇಶ್ವರದ ಹಿರಿಯ

ಟೀಚರ್, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ನಾನು ಬಾಸೆಲ್ ಮಿಶನ್ ಎಂಬ ಪ್ರೊಟೆಸ್ಟಂಟ್ ಪರಂಪರೆಯ ಮನೆಯವನು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಮೂವರು ಮಿಶನರಿಗಳಿಂದ ನಮ್ಮ ಸಭೆಯ ಕಥೆ ಆರಂಭವಾಗುತ್ತದೆ. ನನ್ನ ಮುತ್ತಜ್ಜ ಜೆಪ್ಪುವಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. 1947ರಲ್ಲಿ ಹಲವು ಪ್ರೊಟೆಸ್ಟಂಟ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ ಆದ ಮೇಲೆ ಆರಾಧನಾ ಕ್ರಮದಲ್ಲಿ ಕೆಲವು ಬದಲಾವಣೆಗಳು ಬಂದವು, ಆದರೆ ನಾವು ದೇವರೊಡನೆ ಮಾತನಾಡುವ ರೀತಿ ಬದಲಾಗಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಎಚ್ಚರಿಕೆ ಇರಲಿ ಎಂದು ಕೇಳಿಕೊಳ್ಳುತ್ತೇನೆ. ‘ನೀನು’ ಎಂದ ಮಾತ್ರಕ್ಕೆ ಅದು ಅಗೌರವವಲ್ಲ. ನಿಮ್ಮ ಕಡೆಯ ಕನ್ನಡ ಪ್ರಾರ್ಥನೆಯಲ್ಲಿ ‘ನಿಮ್ಮ ನಾಮವು ಪೂಜಿತವಾಗಲಿ’ ಎನ್ನುತ್ತೀರಿ. ನಾವು ‘ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ’ ಎನ್ನುತ್ತೇವೆ. ನಮ್ಮ ಹಳೆಯ ಸತ್ಯವೇದದಲ್ಲಿ ‘ಯೇಸು ಕಣ್ಣೀರು ಬಿಟ್ಟನು’ ಎಂದಿದೆ, ಬಿಟ್ಟರು ಎಂದಿಲ್ಲ. ನಾಲ್ಕೈದು ತಲೆಮಾರುಗಳಿಂದ ನಾವು ಇದೇ ಮಾತಿನಲ್ಲಿ ಅತ್ತಿದ್ದೇವೆ, ಇದೇ ಮಾತಿನಲ್ಲಿ ನಮ್ಮವರನ್ನು ಮಣ್ಣು ಮಾಡಿದ್ದೇವೆ. ಒಮ್ಮೆ ಮಂಗಳೂರಿನ ಕಡೆಯ ಒಬ್ಬ ಕಥೋಲಿಕ ಗೆಳೆಯರು ನಮ್ಮ ಮನೆಯ ಪ್ರಾರ್ಥನೆಗೆ ಬಂದಿದ್ದರು. ಮುಗಿದ ಮೇಲೆ ‘ನೀವು ಸ್ವಾಮಿಯನ್ನು ಏಕವಚನದಲ್ಲಿ ಕರೆಯುತ್ತೀರಲ್ಲ’ ಎಂದರು. ನನಗೆ ಬಹಳ ನೋವಾಯಿತು. ನನ್ನ ತಾಯಿ ‘ಕರ್ತನೇ, ನೀನು ಬಲ್ಲೆ’ ಎಂದು ಮೊಣಕಾಲೂರಿ ಹೇಳಿದ್ದನ್ನು ಅವರು ಕೇಳಿದ್ದರೆ ಹಾಗೆ ಅನ್ನುತ್ತಿರಲಿಲ್ಲ.

ಕನ್ನಡದ ಭಕ್ತಿಯ ಹಾದಿಯೇ ಹಾಗೆ. ಶರಣರ ವಚನಗಳನ್ನು ನೋಡಿ, ದಾಸರ ಪದಗಳನ್ನು ನೋಡಿ, ಅಂಕಿತದ ದೇವರೊಡನೆ ಮಾತು ‘ನೀನು’ ಎಂದೇ. ಅರಸನಿಗೆ ಬಹುವಚನ, ದೇವರಿಗೆ ಏಕವಚನ. ದೇವರು ಅರಸನಿಗಿಂತ ಕಡಿಮೆ ಎಂದೇನೂ ಅದರ ಅರ್ಥವಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಮ್ಮನನ್ನು ‘ನೀನು’ ಎನ್ನುತ್ತಾರೆ, ಅಪರಿಚಿತರನ್ನು ‘ನೀವು’ ಎನ್ನುತ್ತಾರೆ.

ಆದ್ದರಿಂದ ನೀನು, ನೀವು ಎಂಬುದನ್ನು ಬದಿಗಿಟ್ಟು ‘ಕರ್ತ’, ‘ಸ್ವಾಮಿ’, ‘ಪ್ರಭು’, ‘ಒಡೆಯ’ ಎಂಬ ಮಾತು ಮಗುವಿನ ಬಾಯಲ್ಲಿ ಇದೆಯೇ ಎಂದು ನೋಡಿ. ‘ಯೇಸುಕ್ರಿಸ್ತನೇ ಕರ್ತನು’ ಎಂದು ಬಾಯಿಂದ ಅರಿಕೆ ಮಾಡಬೇಕು ಎಂದು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಹತ್ತನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಕ್ರೈಸ್ತ ನಂಬಿಕೆಯ ಮೊತ್ತಮೊದಲ ಅರಿಕೆ ಅದು. ಅದನ್ನು ಬಿಟ್ಟು ಬರೀ ಹೆಸರು ಹಿಡಿದು ಕರೆದರೆ ನನಗೂ ಕಿವಿಗೆ ಚುಚ್ಚುತ್ತದೆ.

ಬದಿಯಡ್ಕದ ನಿವೃತ್ತ ಮಾಸ್ತರ

ನಾನು ನಿಮ್ಮ ಮತದವನಲ್ಲ, ಆದರೂ ಈ ಚರ್ಚೆಯಲ್ಲಿ ವ್ಯಾಕರಣ ಬಂದಿರುವುದರಿಂದ ನಾಲ್ಕು ಮಾತು ಹೇಳಲು ಅಪ್ಪಣೆ ಬೇಡುತ್ತೇನೆ. ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿದವನು. ಬೇಳದ ವ್ಯಾಕುಲಮಾತೆಯ ಇಗರ್ಜಿಯ ಮಕ್ಕಳು ಅನೇಕರು ನನ್ನ ಕೈಯಲ್ಲಿ ಕಲಿತಿದ್ದಾರೆ.

ಹಿರಿಯರು ಹೇಳಿದ ಹಳೆಯ ಬೈಬಲ್ ಅನುವಾದವನ್ನು ನಾನು ಭಾಷೆಗಾಗಿ ಓದಿದ್ದೇನೆ. ಅದರ ಮೊದಲ ವಾಕ್ಯವನ್ನೇ ಗಮನಿಸಿ: ‘ಆದಿಯಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದನು.’ ಕರ್ತೃಪದ ‘ದೇವರು’, ರೂಪದಲ್ಲಿ ಬಹುವಚನ. ಕ್ರಿಯಾಪದ ‘ಮಾಡಿದನು’, ಏಕವಚನ. ಶಾಲೆಯ ಹುಡುಗ ಹೀಗೆ ಬರೆದರೆ ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆ. ಇದು ಅನುವಾದಕರ ತಪ್ಪು ಎಂದೇ ಬಹುಕಾಲ ತಿಳಿದಿದ್ದೆ. ಆಮೇಲೆ ಒಬ್ಬ ಪಾದ್ರಿಗಳು ಮೂಲದ ಸಂಗತಿ ತಿಳಿಸಿದರು. ಹೀಬ್ರೂ ಭಾಷೆಯಲ್ಲಿ ಆ ವಾಕ್ಯದ ‘ಎಲೋಹೀಮ್’ ಎಂಬ ಪದ ರೂಪದಲ್ಲಿ ಬಹುವಚನ, ಅದರ ಮುಂದಿನ ‘ಬಾರಾ’ ಎಂಬ ಕ್ರಿಯಾಪದ ಏಕವಚನ. ಕನ್ನಡ ತನ್ನ ಸಹಜ ಗೌರವದ ‘ರು’ ಪ್ರತ್ಯಯದಿಂದಲೇ ಅಲ್ಲಿಗೆ ತಲುಪಿಬಿಟ್ಟಿದೆ! ಇದು ಕಾಕತಾಳೀಯವೇ ಇರಬಹುದು. ಆದರೆ ಹೆಸರು ಮೇಲಕ್ಕೆತ್ತುತ್ತದೆ, ಕ್ರಿಯಾಪದ ಹತ್ತಿರ ತರುತ್ತದೆ. ಅಂದಿನಿಂದ ಆ ವಾಕ್ಯದ ಮುಂದೆ ನನ್ನ ಕೆಂಪು ಶಾಯಿ ಒಣಗಿದೆ.

ಈಚಿನ ಅನುವಾದದಲ್ಲಿ ‘ಯೇಸುಸ್ವಾಮಿ ಹೇಳಿದರು’ ಎಂಬ ರೀತಿ ಇದೆ. ಅದೂ ಇಂದಿನ ಕನ್ನಡಕ್ಕೆ ಸಹಜ. ನೂರು ವರ್ಷಗಳ ಹಿಂದೆ ಪಠ್ಯಪುಸ್ತಕಗಳಲ್ಲಿ ಕವಿಯನ್ನೂ ಅರಸನನ್ನೂ ‘ಬರೆದನು’, ‘ಆಳಿದನು’ ಎನ್ನುತ್ತಿದ್ದೆವು. ಇಂದು ಬದುಕಿರುವ ಯಾವ ಹಿರಿಯರನ್ನೂ ಹಾಗೆ ಹೇಳಲು ನಮಗೆ ನಾಲಿಗೆ ಏಳುವುದಿಲ್ಲ. ಕ್ರಿಸ್ತರು ಬದುಕಿರುವವರು ಎಂದು ನೀವು ನಂಬುತ್ತೀರಲ್ಲ, ಹಾಗಾದರೆ ‘ರು’ ಬರುವುದು ನ್ಯಾಯವೇ.

ಟೀಚರ್ ಶೀರ್ಷಿಕೆಯಲ್ಲಿ ಸಲಿಗೆ, ಸದರ ಎಂಬ ಎರಡು ಪದಗಳನ್ನು ಇಟ್ಟಿದ್ದಾರೆ. ನಾನು ತರಗತಿಯಲ್ಲಿ ಅವುಗಳ ವ್ಯತ್ಯಾಸ ಹೇಳುತ್ತಿದ್ದುದು ಹೀಗೆ: ಮೊಮ್ಮಗ ಅಜ್ಜನ ತೊಡೆಯೇರಿ ಕುಳಿತರೆ ಸಲಿಗೆ, ಅಜ್ಜ ಮಾತನಾಡುತ್ತಿರುವಾಗ ಕಿವಿ ಮುಚ್ಚಿಕೊಂಡರೆ ಸದರ.

ಗಾಯನವೃಂದದ ಹುಡುಗ

ಟೀಚರ್, ನಾನು ನಿಮ್ಮ ಹಳೆಯ ವಿದ್ಯಾರ್ಥಿ, ಯಾರೆಂದು ನಿಮಗೆ ಗೊತ್ತಾಗಬಹುದು. ಈಗ ಗಾಯನವೃಂದದಲ್ಲಿ ಗಿಟಾರ್ ನುಡಿಸುತ್ತೇನೆ. ನಿಮ್ಮ ಮಾತಿಗೆ ಎದುರಾಡಬೇಕೆಂದಲ್ಲ, ಆದರೆ ನನಗೆ ನಿಜವಾಗಿ ಅನ್ನಿಸಿದ್ದನ್ನು ಹೇಳುತ್ತೇನೆ.

ಹನ್ನೆರಡನೆಯ ತರಗತಿಯಲ್ಲಿ ಅನುತ್ತೀರ್ಣನಾದ ವರ್ಷ ನಾನು ಯಾರೊಡನೆಯೂ ಮಾತನಾಡುತ್ತಿರಲಿಲ್ಲ. ಯೇಸು ನನ್ನ ಗೆಳೆಯ ಎಂದು ಒಂದು ತಪಸ್ಸಿನ ಶಿಬಿರದಲ್ಲಿ ಕೇಳಿದ ಮಾತು ನನ್ನನ್ನು ಎಬ್ಬಿಸಿತು. ರಾಜ ಎಂದಿದ್ದರೆ ನಾನು ಹೆದರುತ್ತಿದ್ದೆ. ಯೋಹಾನನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ ಯೇಸುವೇ ಹೇಳಿದ್ದಾರೆ, ಇನ್ನು ನಿಮ್ಮನ್ನು ಆಳುಗಳೆಂದು ಕರೆಯುವುದಿಲ್ಲ, ಗೆಳೆಯರೆಂದು ಕರೆದಿದ್ದೇನೆ ಎಂದು. ಅವರೇ ಬಾಗಿಲು ತೆರೆದಿರುವಾಗ ನಾವು ಹೊರಗೆ ನಿಂತು ಬಿರುದುಗಳನ್ನು ಹೇಳುತ್ತಿರಬೇಕೇ? ಹಾಯ್ ಜೀಸಸ್ ಎಂದು ಬರೆದ ಮಗು ಬಾಗಿಲು ದಾಟಿ ಒಳಗೆ ಬಂದಿದೆ ಎಂದು ನನಗೆ ಅನ್ನಿಸುತ್ತದೆ.

ಶಿರಿಯ ಹೊಳೆಬದಿ

ಯಾರೆಂದು ಗೊತ್ತಾಯಿತು ಮಗು. ಆ ವರ್ಷ ನೀನು ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತಿರುತ್ತಿದ್ದುದು ನನಗೆ ನೆನಪಿದೆ. ಆ ಗೆಳೆಯ ನಿನ್ನ ಕೈ ಬಿಡದಿರಲಿ.

ನೀನು ಯೋಹಾನನ ಮಾತನ್ನು ಎತ್ತಿದ್ದೀಯೆ, ನಾನೂ ಯೋಹಾನನನ್ನೇ ಹಿಡಿಯುತ್ತೇನೆ. ಕೊನೆಯ ಭೋಜನದಲ್ಲಿ ಯೇಸುವಿನ ಎದೆಗೆ ಒರಗಿ ಕುಳಿತ ಶಿಷ್ಯ ಅವನು ಎಂದು ನಮ್ಮ ಪರಂಪರೆ ಹೇಳುತ್ತದೆ. ಅದಕ್ಕಿಂತ ಹೆಚ್ಚಿನ ಸಲಿಗೆ ಯಾರಿಗೆ ಸಿಕ್ಕಿತು? ಅದೇ ಯೋಹಾನ ಪ್ರಕಟನೆಯ ಪುಸ್ತಕದ ಮೊದಲ ಅಧ್ಯಾಯದಲ್ಲಿ ಯೇಸುವನ್ನು ಮಹಿಮೆಯಲ್ಲಿ ಕಂಡಾಗ ಸತ್ತವನಂತೆ ಪಾದಗಳ ಬಳಿ ಬಿದ್ದ. ಯೇಸು ಅವನ ಮೇಲೆ ಬಲಗೈ ಇಟ್ಟು ಹೆದರಬೇಡ ಎಂದರು. ಎದೆಗೆ ಒರಗಿದವನು ಪಾದಕ್ಕೂ ಬಿದ್ದ. ಇನ್ನೊಂದು ಮಾತು, ನಮ್ಮನ್ನು ಗೆಳೆಯರೆಂದು ಕರೆದವರು ಅವರು. ಗೆಳೆಯರೆಂದು ಕರೆಸಿಕೊಂಡ ಶಿಷ್ಯರು ಅವರನ್ನು ಏನೆಂದು ಕರೆದರು ಎಂದು ಹುಡುಕಿ ನೋಡು. ಪೇತ್ರನಾಗಲಿ ಯೋಹಾನನಾಗಲಿ ಒಂದು ಸಲವೂ ಎದುರಿಗೆ ‘ಯೇಸು’ ಎಂದು ಹೆಸರು ಹಿಡಿದು ಕರೆದದ್ದು ಸುವಾರ್ತೆಗಳಲ್ಲಿ ಸಿಗುವುದಿಲ್ಲ. ಸ್ವಾಮೀ, ಗುರುವೇ, ಬೋಧಕರೇ. ಅಷ್ಟೇ.

ಮತ್ತಾಯನ ಸುವಾರ್ತೆಯ ಇಪ್ಪತ್ತಾರನೆಯ ಅಧ್ಯಾಯದಲ್ಲಿ ನನ್ನನ್ನು ಬಹಳ ಕಾಡಿದ ಒಂದು ಸಂಗತಿ ಇದೆ. ನಿಮ್ಮಲ್ಲಿ ಒಬ್ಬನು ನನ್ನನ್ನು ಹಿಡಿದುಕೊಡುವನು ಎಂದು ಯೇಸು ಹೇಳಿದಾಗ ಶಿಷ್ಯರೆಲ್ಲ ಒಬ್ಬೊಬ್ಬರಾಗಿ ‘ಸ್ವಾಮೀ, ನಾನೋ?’ ಎಂದು ಕೇಳುತ್ತಾರೆ. ಹಿಡಿದುಕೊಡಲಿದ್ದ ಯೂದನ ಸರದಿ ಬಂದಾಗ ಅವನು ‘ಗುರುವೇ, ನಾನೋ?’ ಎನ್ನುತ್ತಾನೆ. ಆ ಸುವಾರ್ತೆಯಲ್ಲಿ ಅವನು ಒಮ್ಮೆಯೂ ‘ಸ್ವಾಮೀ’ ಎನ್ನುವುದಿಲ್ಲ. ತೋಟದಲ್ಲಿ ಮುದ್ದಿಡುವಾಗಲೂ ‘ಗುರುವೇ’ ಎಂದೇ. ಮುದ್ದು ಇತ್ತು, ಒಡೆತನವನ್ನು ಒಪ್ಪುವ ಮಾತು ಇರಲಿಲ್ಲ.

ಹಾಯ್ ಎಂದ ಮಗುವನ್ನು ನಾನು ಯೂದನಿಗೆ ಹೋಲಿಸುತ್ತಿಲ್ಲ, ದಯವಿಟ್ಟು ಯಾರೂ ಹಾಗೆ ತಿಳಿಯಬೇಡಿ. ಮಗುವಿಗೆ ನಾವು ಕೊಡದೇ ಹೋದ ಮಾತಿನ ಬಗ್ಗೆ ನನ್ನ ಚಿಂತೆ.

ವೆಳ್ಳರಿಕುಂಡಿನ ಸೊಸೆ

ಅಕ್ಕ, ನನ್ನ ತವರು ಕಯ್ಯಾರು, ಕ್ರಿಸ್ತರಾಜರ ಇಗರ್ಜಿಯ ಊರು. ಕೊಂಕಣಿ ಮನೆ. ಮದುವೆಯಾಗಿ ಬಂದದ್ದು ಜಿಲ್ಲೆಯ ಮೂಡಣ ಬೆಟ್ಟಗಳ ಕಡೆಯ ಸಿರೋ ಮಲಬಾರ್ ಕುಟುಂಬಕ್ಕೆ, ಅಂದರೆ ಸುರಿಯಾನಿ ಪರಂಪರೆಯ ಕಥೋಲಿಕರ ಮನೆಗೆ. ರಾಜಪುರಕ್ಕೆ 1943ರಲ್ಲಿ ತಿರುವಾಂಕೂರಿನ ಕಡೆಯಿಂದ ಕುಟುಂಬಗಳು ಬಂದು ನೆಲೆಸಿದ ಹಾಗೆಯೇ ನನ್ನ ಗಂಡನ ಅಜ್ಜನೂ ಈ ಕಾಡಿಗೆ ಬಂದವರು. ಒಂದೇ ಜಿಲ್ಲೆ, ಒಂದೇ ಕಥೋಲಿಕ ಧರ್ಮಸಭೆ, ಆದರೆ ಮೊದಲ ಭಾನುವಾರ ನನಗೆ ಯಾವುದೂ ಅರ್ಥವಾಗಲಿಲ್ಲ.

ಇಲ್ಲಿ ಜೆಜು ಇಲ್ಲ, ಯೇಸುವೂ ಹೆಚ್ಚು ಕೇಳಿಸುವುದಿಲ್ಲ. ‘ಈಶೋ’ ಎನ್ನುತ್ತಾರೆ. ಮನೆಗೆ ಯಾರಾದರೂ ಗುರುಗಳು ಬಂದರೆ, ಸಂಜೆಯ ಪ್ರಾರ್ಥನೆ ಮುಗಿದರೆ, ಮಕ್ಕಳು ಕೈಮುಗಿದು ‘ಈಶೋಮಿಶಿಹಾಯ್ಕ್ ಸ್ತುತಿಯಾಯಿರಿಕ್ಕಟ್ಟೆ’ ಎಂದು ಹೇಳುತ್ತಾರೆ, ಮೆಸ್ಸೀಯನಾದ ಯೇಸುವಿಗೆ ಸ್ತುತಿಯಾಗಲಿ ಎಂದು ಅರ್ಥ. ನಮ್ಮ ಕಡೆ ತೆರ್ಸ್ ಆದ ಮೇಲೆ ಹಿರಿಯರ ಬಳಿ ಬೆಸಾಂವ್, ಅಂದರೆ ಆಶೀರ್ವಾದ, ಬೇಡುವ ಹಾಗೆ. ಮೂರು ವರ್ಷದ ಮಗುವೂ ಹೇಳುತ್ತದೆ. ಬಿರುದು ಅಲ್ಲಿ ಪಾಠವಾಗಿ ಬರುವುದಿಲ್ಲ, ಮನೆಯ ನಮಸ್ಕಾರವಾಗಿ ಬರುತ್ತದೆ.

ಇನ್ನೊಂದು, ನೀನು ನೀವು ಎಂಬ ಜಗಳಕ್ಕೆ ಮಲಯಾಳದವರು ಬೇರೆಯೇ ದಾರಿ ಹಿಡಿದಿದ್ದಾರೆ. ‘ಅಙ್ಙಯುಡೆ ನಾಮಂ ಪೂಜಿತಮಾಕಣಮೇ’ ಎನ್ನುತ್ತಾರೆ. ‘ಅಙ್ಙ್’ ಎಂಬುದು ನೀನೂ ಅಲ್ಲ, ನೀವೂ ಅಲ್ಲ, ಎದುರಿಗಿರುವವರನ್ನು ಬಹಳ ಎತ್ತರದಲ್ಲಿಟ್ಟು ಕರೆಯುವ ಮಾತು. ಕನ್ನಡದಲ್ಲಿ ಅದಕ್ಕೆ ಹತ್ತಿರವಾದದ್ದು ‘ತಾವು’. ಒಮ್ಮೆ ನಾನು ಒಬ್ಬಳೇ ಕುಳಿತು ‘ತಾವು ನನ್ನನ್ನು ಕರುಣಿಸಿ’ ಎಂದು ಹೇಳಿ ನೋಡಿದೆ. ತಾಲೂಕು ಕಚೇರಿಯಲ್ಲಿ ನಿಂತಂತೆ ಆಯಿತು, ಮುಂದುವರಿಸಲಾಗಲಿಲ್ಲ. ಕೊಂಕಣಿಯಲ್ಲಿ ನನ್ನ ಅಮ್ಮ ‘ಸೊಮಿಯಾ’ ಎಂದು ಕರೆದು ‘ತುಂ’ ಎಂದೇ ಮಾತನಾಡುತ್ತಿದ್ದರು. ಈಗ ನಾನು ಮಲಯಾಳದಲ್ಲಿ ಅಙ್ಙ್, ಕನ್ನಡದಲ್ಲಿ ನೀವು, ಕಷ್ಟ ಬಂದಾಗ ಮಾತ್ರ ತುಂ. ಹಿರಿಯರು ತಮ್ಮ ತಾಯಿಯ ವಿಷಯ ಬರೆದದ್ದನ್ನು ಓದಿ ನನಗೆ ಇದನ್ನು ಹೇಳಬೇಕೆನ್ನಿಸಿತು.

ನನ್ನ ಮಾವ ಹೇಳಿದ ಒಂದು ಮಾತು: ಬಿಷಪರ ಹೆಸರಿನ ಮುಂದೆ ‘ಮಾರ್’ ಎಂದು ಸೇರಿಸುತ್ತಾರಲ್ಲ, ಅದು ಸುರಿಯಾನಿ ಭಾಷೆಯಲ್ಲಿ ಒಡೆಯ ಎಂದಂತೆ. ‘ಮಾರನ್’ ಎಂದರೆ ನಮ್ಮ ಒಡೆಯ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ಕೊನೆಯಲ್ಲಿ ‘ಮಾರನಾಥಾ’ ಎಂದು ಬರುತ್ತದೆ, ನಮ್ಮ ಕರ್ತನೇ ಬಾ ಎಂದು. ಪತ್ರಿಕೆ ಗ್ರೀಕ್ ಭಾಷೆಯದು, ಆದರೆ ಆ ಒಂದು ಮಾತನ್ನು ಪೌಲ ಅನುವಾದ ಮಾಡದೆ ಹಾಗೆಯೇ ಬಿಟ್ಟಿದ್ದಾನೆ. ಯೆರೂಸಲೇಮಿನ ಮೊದಲ ಭಕ್ತರ ಬಾಯಿಯ ಮಾತು ಅದು ಎಂದು ಮಾವ ಹೇಳುವಾಗ ಅವರ ಕಣ್ಣು ತುಂಬುತ್ತದೆ.

ಒಕ್ಕಲು ಮನೆಯ ಮೊಮ್ಮಗಳು

ಇಷ್ಟು ದಿನ ಓದುತ್ತಾ ಸುಮ್ಮನಿದ್ದೆ. ಎಲ್ಲರೂ ‘ಒಡೆಯ’ ಎಂಬ ಪದವನ್ನು ಸಲೀಸಾಗಿ ಬಳಸುತ್ತಿದ್ದೀರಿ. ನಮ್ಮ ಮನೆಯಲ್ಲಿ ಅದು ಸಲೀಸಾದ ಪದವಲ್ಲ.

ನನ್ನ ಅಜ್ಜ ಗೇಣಿಗೆ ಗದ್ದೆ ಮಾಡುತ್ತಿದ್ದರು. ಭತ್ತದ ಮುಡಿ ಹೊತ್ತು ಧಣಿಗಳ ಮನೆಗೆ ಹೋದರೆ ಅಂಗಳದಾಚೆಯೇ ನಿಲ್ಲಬೇಕಿತ್ತು. ಹೆಗಲ ಮೇಲಿನ ಬೈರಾಸು ಕಂಕುಳಿಗೆ ಇಳಿಯಬೇಕಿತ್ತು. ‘ಧಣಿಗಳೇ’, ‘ಒಡೆಯರೇ’ ಎಂದು ಕರೆಯಬೇಕಿತ್ತು. ಆ ಪದಗಳು ನಮ್ಮ ಅಜ್ಜಿಯ ಬಾಯಲ್ಲಿ ಭಯದ ರುಚಿ ಹಿಡಿದಿದ್ದವು. ಬೇರೆಯವರಿಗೆ ಬಾಗಿ ಬಾಗಿ ನಮ್ಮ ಬೆನ್ನು ಸವೆದಿದೆ, ಇಗರ್ಜಿಯಲ್ಲೂ ಅದೇ ಮಾತು ಏಕೆ ಎಂದು ನನ್ನ ಚಿಕ್ಕಪ್ಪ ಯೌವನದಲ್ಲಿ ಅಜ್ಜಿಯೊಡನೆ ವಾದ ಮಾಡಿದ್ದರಂತೆ. ನಾನು ಕೂಡ ಬಹುಕಾಲ ‘ಕ್ರಿಸ್ತರಾಜ’ ಎಂಬ ಬಿರುದನ್ನು ಹೇಳುವಾಗ ತುಟಿ ಮಾತ್ರ ಅಲ್ಲಾಡಿಸುತ್ತಿದ್ದೆ.

ಅಜ್ಜಿ ಚಿಕ್ಕಪ್ಪನಿಗೆ ಕೊಟ್ಟ ಉತ್ತರವನ್ನು ಅಮ್ಮ ನನಗೆ ಹೇಳಿದ್ದು ಬಹಳ ತಡವಾಗಿ. ‘ಇವನೊಬ್ಬನನ್ನು ಒಡೆಯ ಎಂದು ಕರೆದ ಮೇಲೆಯೇ ನನಗೆ ತಿಳಿದದ್ದು, ಅಂಗಳದಲ್ಲಿ ಕುರ್ಚಿ ಹಾಕಿ ಕುಳಿ­ತವರು ಒಡೆಯರಲ್ಲ ಎಂದು.’ 1970ರ ಜನವರಿಯಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಯಿತು, ಅಜ್ಜನಿಗೆ ಗದ್ದೆಯ ಹಕ್ಕು ಬಂದಿತು. ಆದರೆ ಅಜ್ಜಿಯ ತಲೆ ಅದಕ್ಕೂ ಮೊದಲೇ ಎತ್ತಿತ್ತು.

ಇದು ಅಜ್ಜಿಯ ಒಬ್ಬರ ಮಾತಲ್ಲ ಎಂದು ಮುಂದೆ ಓದಿ ತಿಳಿದೆ. ಎರಡನೆಯ ಶತಮಾನದಲ್ಲಿ ಸ್ಮುರ್ನದ ವೃದ್ಧ ಬಿಷಪ್ ಪೊಲಿಕಾರ್ಪನನ್ನು ಬಂಧಿಸಿದಾಗ ‘ಕೈಸರನೇ ಕರ್ತ ಎಂದು ಹೇಳಿಬಿಡು, ಅದರಲ್ಲಿ ಏನಿದೆ’ ಎಂದು ರೋಮನ್ ಚಕ್ರವರ್ತಿಯಾದ ಕೈಸರನ ಅಧಿಕಾರಿಗಳು ಕೇಳಿಕೊಂಡರು. ಎಂಬತ್ತಾರು ವರ್ಷ ಕ್ರಿಸ್ತನ ಸೇವೆ ಮಾಡಿದ್ದೇನೆ, ಅವನು ನನಗೆ ಯಾವ ಅನ್ಯಾಯವನ್ನೂ ಮಾಡಿಲ್ಲ, ನನ್ನ ಅರಸನನ್ನು ಹೇಗೆ ದೂಷಿಸಲಿ ಎಂದು ಅವನು ಬೆಂಕಿಗೆ ಹೋದ. ಒಂದು ಪದವನ್ನು ಇನ್ನೊಬ್ಬರಿಗೆ ಕೊಡಲು ಒಪ್ಪದೆ ಜನ ಸತ್ತಿದ್ದಾರೆ.

ಕ್ರಿಸ್ತರಾಜರ ಹಬ್ಬ ಹಳೆಯದೆಂದು ನಾವು ತಿಳಿಯುತ್ತೇವೆ. ಹನ್ನೊಂದನೆಯ ಪಯಸ್ ಪೋಪರು ಅದನ್ನು ಸ್ಥಾಪಿಸಿದ್ದು 1925ರ ಡಿಸೆಂಬರ್‌ನಲ್ಲಿ, ಮೊದಲ ಮಹಾಯುದ್ಧದಲ್ಲಿ ದೊಡ್ಡ ದೊಡ್ಡ ಸಿಂಹಾಸನಗಳು ಉರುಳಿ, ಇಟಲಿಯಲ್ಲಿ ಮುಸೊಲಿನಿ ತನ್ನನ್ನು ಮೆರೆಸುತ್ತಿದ್ದ ಕಾಲದಲ್ಲಿ. ಟೀಚರ್, ಮಕ್ಕಳಿಗೆ ಇದನ್ನೂ ಹೇಳಿ. ನಾವು ರಾಜ ಎಂದು ಕರೆಯುತ್ತಿರುವುದು ಮುಳ್ಳಿನ ಕಿರೀಟ ತೊಟ್ಟವನನ್ನು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಆಳಿನಂತೆ ಶಿಷ್ಯರ ಕಾಲು ತೊಳೆದವನನ್ನು. ಕಾಲು ತೊಳೆದ ಮೇಲೆಯೇ ಅಲ್ಲವೇ ಅವನು ಹೇಳಿದ್ದು, ನೀವು ನನ್ನನ್ನು ಗುರುವೆಂದೂ ಕರ್ತನೆಂದೂ ಕರೆಯುತ್ತೀರಿ, ಸರಿಯಾಗಿಯೇ ಕರೆಯುತ್ತೀರಿ ಎಂದು. ಬಿರುದನ್ನು ಅವನು ಬೇಡ ಎನ್ನಲಿಲ್ಲ. ಅದರ ಅರ್ಥವನ್ನು ಅಂಗಳದಾಚೆ ನಿಂತವರ ಕಡೆಗೆ ತಿರುಗಿಸಿದ. ಈಗ ನಾನು ‘ಒಡೆಯಾ’ ಎಂದು ಬಾಯಿತುಂಬ ಕರೆಯುತ್ತೇನೆ.

ಕುವೈತಿನಿಂದ ದಾದಿ

ರಾತ್ರಿ ಪಾಳಿ ಮುಗಿಸಿ ಬಂದು ಎಲ್ಲವನ್ನೂ ಓದಿದೆ. ಮೇಲಿನ ಬರಹ ಓದಿ ಅಳು ಬಂದಿತು.

ನಾನು ಒಂದೇ ಒಂದು ವಿಷಯ ಹೇಳುತ್ತೇನೆ. ತೀವ್ರ ನಿಗಾ ಘಟಕದಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಕೊನೆಯ ಗಳಿಗೆಯಲ್ಲಿ ಉಸಿರು ಬಹಳ ಚಿಕ್ಕದು. ನಮ್ಮೂರ ಕಡೆಯ ಒಬ್ಬ ಹೆಂಗಸು, ಕೆಲಸಕ್ಕೆಂದು ಬಂದವರು, ನನ್ನ ಕೈ ಹಿಡಿದುಕೊಂಡು ಹೋದರು. ಅವರಿಗೆ ಬಿರುದು ಹೇಳುವಷ್ಟು ಉಸಿರಿರಲಿಲ್ಲ. ‘ಯೇಸುವೇ’ ಎಂದರು, ಮತ್ತೆ ‘ಯೇಸುವೇ’. ಅಷ್ಟೇ. ಅದರಲ್ಲಿ ಏನು ಕೊರತೆ ಇತ್ತು?

ಶಿಷ್ಯರು ಹೆಸರು ಹಿಡಿದು ಕರೆಯಲಿಲ್ಲ ಎಂದು ಟೀಚರ್ ಬರೆದರು, ಸರಿ. ಆದರೆ ಶಿಲುಬೆಯ ಪಕ್ಕದ ಕಳ್ಳ ಕರೆದ. ‘ಯೇಸುವೇ, ನೀನು ನಿನ್ನ ರಾಜ್ಯದಲ್ಲಿ ಬರುವಾಗ ನನ್ನನ್ನು ನೆನಪಿಸಿಕೋ’ ಎಂದ. ಆ ದಿನವೇ ಪರದೈಸು ಸಿಕ್ಕಿದ್ದು ಅವನಿಗೆ.

ಮಂಜೇಶ್ವರದ ಹಿರಿಯ

ದಾದಿಯಮ್ಮ, ನೀವು ಬರೆದದ್ದಕ್ಕೆ ಎದುರು ಮಾತಿಲ್ಲ. ನಿಮ್ಮ ಕೈ ಹಿಡಿದು ಹೋದ ಆ ತಾಯಿಯ ಪ್ರಾರ್ಥನೆ ಪೂರ್ಣವಾದ ಪ್ರಾರ್ಥನೆ.

ಸುವಾರ್ತೆಗಳನ್ನು ತೆರೆದು ನೋಡಿದೆ. ಹೆಸರು ಹಿಡಿದು ಕರೆದವರು ಬೆರಳೆಣಿಕೆಯಷ್ಟು. ದೆವ್ವಗಳು ‘ನಜರೇತಿನ ಯೇಸುವೇ’, ‘ಪರಾತ್ಪರ ದೇವರ ಮಗನಾದ ಯೇಸುವೇ’ ಎಂದು ಕಿರುಚುತ್ತವೆ. ಕುರುಡ ಬಾರ್ತಿಮಾಯ ‘ದಾವೀದನ ಕುಮಾರನೇ, ಯೇಸುವೇ’ ಎನ್ನುತ್ತಾನೆ. ಹತ್ತು ಮಂದಿ ಕುಷ್ಠರೋಗಿಗಳು ‘ಯೇಸುವೇ, ಗುರುವೇ’ ಎನ್ನುತ್ತಾರೆ. ಯಾವ ಬಿರುದೂ ಇಲ್ಲದೆ ಬರೀ ಹೆಸರಿನಿಂದ ಕರೆದವನು ಆ ಕಳ್ಳ ಒಬ್ಬನೇ. ಕೆಲವು ಹಸ್ತಪ್ರತಿಗಳಲ್ಲಿ ಅಲ್ಲಿಯೂ ‘ಕರ್ತನೇ’ ಎಂದಿದೆ, ಆದರೆ ಹೆಚ್ಚು ಪ್ರಾಚೀನವಾದವುಗಳಲ್ಲಿ ‘ಯೇಸುವೇ’ ಎಂದೇ ಇದೆ. ಆದರೂ ಅವನ ಮಾತಿನ ಉಳಿದರ್ಧವನ್ನು ನೋಡಿ: ನಿನ್ನ ರಾಜ್ಯ! ಮೊಳೆ ಹೊಡೆಸಿಕೊಂಡು ಸಾಯುತ್ತಿರುವ ಮನುಷ್ಯನಲ್ಲಿ ರಾಜನನ್ನು ಕಂಡವನು ಅವನು. ತಲೆಯ ಮೇಲಿನ ಹಲಗೆಯಲ್ಲಿ ರೋಮನ್ ಅಧಿಪತಿ ಪಿಲಾತನು ‘ಯೆಹೂದ್ಯರ ಅರಸ’ ಎಂದು ಮೂರು ಭಾಷೆಗಳಲ್ಲಿ ಬರೆಸಿದ್ದ, ನಮ್ಮ ಕಾಸರಗೋಡಿನ ಫಲಕಗಳ ಹಾಗೆ. ಓದಿದವರು ನಕ್ಕರು. ಕಳ್ಳ ನಂಬಿದ.

ಇನ್ನೊಂದು ವಿಷಯ ನಮ್ಮ ಕನ್ನಡದ ಓದುಗರ ಕಣ್ಣಿಗೆ ಬೀಳದೇ ಹೋಗುತ್ತದೆ. ಹಳೆಯ ಒಡಂಬಡಿಕೆಯಲ್ಲಿ ನಾವು ‘ಯೆಹೋವನು ನನಗೆ ಕುರುಬನು’ ಎಂದು ಓದುತ್ತೇವೆ, ಹೊಸದರಲ್ಲಿ ‘ಕರ್ತನಾದ ಯೇಸು’ ಎಂದು. ಎರಡು ಬೇರೆ ಪದಗಳು. ಯೆಹೂದ್ಯರು ದೇವರ ಆ ಹೆಸರನ್ನು ಉಚ್ಚರಿಸಲು ಹೆದರಿ ‘ಅದೋನಾಯ್’, ನನ್ನ ಒಡೆಯ, ಎಂದು ಓದುತ್ತಿದ್ದರು. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಆ ಸ್ಥಳದಲ್ಲಿ ಬರುವ ಪದ ‘ಕ್ಯೂರಿಯೋಸ್’. ಅಪೊಸ್ತಲರು ಯೇಸುವಿಗೆ ಬಳಸಿದ್ದು ಅದೇ ಪದ. ಯೆಹೋವನ ನಾಮವನ್ನು ಕೂಗಿ ಬೇಡುವವರಿಗೆ ರಕ್ಷಣೆ ಎಂದು ಯೋವೇಲನು ಬರೆದ ಮಾತನ್ನು ಪೌಲನು ಎತ್ತಿ ಯೇಸುವಿಗೆ ಅನ್ವಯಿಸುತ್ತಾನೆ. ಹೆದರಿ ಉಚ್ಚರಿಸದೆ ಕಾಪಾಡಿದ ಹೆಸರಿನ ಜಾಗದಲ್ಲಿ ನಿಂತ ಪದ ಅದು. ನಾವು ‘ಕರ್ತನೇ’ ಎನ್ನುವಾಗ ಬಾಯಿಗೆ ಬರುತ್ತಿರುವುದು ಎಷ್ಟು ಭಾರವಾದ ಮಾತು ಎಂದು ಮಕ್ಕಳಿಗೆ ಹೇಳಲೇಬೇಕು. ‘ಯೇಸು’ ಎಂಬ ಹೆಸರಿನ ಮೂಲದಲ್ಲಿಯೂ ಯೆಹೋವನು ರಕ್ಷಣೆ ಎಂಬ ಅರ್ಥವಿದೆ. ಆ ತಾಯಿ ಎರಡು ಸಲ ಹೇಳಿದ್ದು ಅದನ್ನೇ.

ಗಾಯನವೃಂದದ ಹುಡುಗ

ಟೀಚರ್, ನಿನ್ನೆ ನಮ್ಮ ಅಭ್ಯಾಸದಲ್ಲಿ ಹಬ್ಬದ ಹಾಡುಗಳ ಪಟ್ಟಿ ನೋಡಿದೆ. ಐದು ಹಾಡುಗಳಲ್ಲಿ ನಾಲ್ಕರಲ್ಲಿ ‘ನನಗೆ’, ‘ನನ್ನ’, ‘ನಾನು’ ಎಂಬುದೇ ತುಂಬಿತ್ತು. ಗೆಳೆಯ ಎಂಬ ಮಾತನ್ನು ನಾನು ಬಿಡುವುದಿಲ್ಲ, ಅದರಿಂದಲೇ ಬದುಕಿದ್ದೇನೆ. ಆದರೆ ಪ್ರವೇಶದ ಹಾಡನ್ನು ಬದಲಾಯಿಸಿ ಕ್ರಿಸ್ತರಾಜರ ಹಳೆಯ ಹಾಡನ್ನು ಇಟ್ಟಿದ್ದೇವೆ. ಗಿಟಾರ್ ಇಲ್ಲ, ಹಾರ್ಮೋನಿಯಂ ಮಾತ್ರ.

ಶಿರಿಯ ಹೊಳೆಬದಿ

ಎಲ್ಲರಿಗೂ ಕೈಮುಗಿಯುತ್ತೇನೆ. ಈ ಭಾನುವಾರ ನಡೆದುದನ್ನು ಬರೆಯುತ್ತೇನೆ.

ಹಾಳೆಗಳನ್ನು ನಾನು ತಿದ್ದಲಿಲ್ಲ. ಮಕ್ಕಳಿಗೆ ಹಿಂದಿರುಗಿಸಿ, ನಿಮ್ಮ ಮನೆಯಲ್ಲಿ ಅಜ್ಜನನ್ನು ಅಥವಾ ಅಜ್ಜಿಯನ್ನು ಏನೆಂದು ಕರೆಯುತ್ತೀರಿ, ಹೆಸರು ಹಿಡಿದು ಕರೆಯುತ್ತೀರಾ ಎಂದು ಕೇಳಿದೆ. ಎಲ್ಲರೂ ನಕ್ಕರು. ಏಕೆ ಕರೆಯುವುದಿಲ್ಲ ಎಂದೆ. ಒಬ್ಬಳು ‘ಹೆಸರು ಹಿಡಿದರೆ ಅವರು ನಮ್ಮ ಅಜ್ಜಿ ಅಲ್ಲದ ಹಾಗೆ ಆಗುತ್ತದೆ’ ಎಂದಳು. ನನಗೆ ಹದಿನಾಲ್ಕು ವರ್ಷಗಳಲ್ಲಿ ಹೊಳೆಯದ ಉತ್ತರ ಅದು. ಬಿರುದು ದೂರ ಮಾಡುತ್ತದೆ ಎಂದು ನಾವು ವಾದಿಸುತ್ತಿದ್ದೆವು. ಆ ಮಗುವಿಗೆ ‘ಅಜ್ಜಿ’ ಎಂಬುದೇ ಹತ್ತಿರದ ಮಾತು, ಹೆಸರೇ ದೂರದ್ದು. ‘ನನ್ನ ಸ್ವಾಮಿ, ನನ್ನ ದೇವರು’ ಎಂದು ತೋಮನು ಹೇಳಿದಾಗಲೂ ಎರಡು ಸಲ ‘ನನ್ನ’ ಎಂದನಲ್ಲವೇ?

ಆಮೇಲೆ ಬಿರುದುಗಳನ್ನು ಹಲಗೆಯ ಮೇಲೆ ಬರೆದೆ. ಕರ್ತ, ಸ್ವಾಮಿ, ಪ್ರಭು, ಒಡೆಯ, ರಕ್ಷಕ, ಒಳ್ಳೆಯ ಕುರುಬ, ದೇವರ ಕುರಿಮರಿ. ಕೊಂಕಣಿಯ ಸೊಮಿ, ಮಲಯಾಳದ ಕರ್ತಾವ್ ಎಂಬುದನ್ನೂ ಸೇರಿಸಿದೆ. ಒಕ್ಕಲು ಮನೆಯ ತಂಗಿ, ನಿಮ್ಮ ಅಜ್ಜಿಯ ಮಾತನ್ನು ಊರು ಹೆಸರು ಹೇಳದೆ ತರಗತಿಯಲ್ಲಿ ಹೇಳಿದೆ. ತಪ್ಪಾಗಿದ್ದರೆ ಕ್ಷಮಿಸಿ. ಯಾರೂ ಅಲುಗಾಡದೆ ಕೇಳಿದರು. ನಿಮ್ಮ ಎದೆಯಿಂದ ಯಾವುದು ಬರುತ್ತದೆಯೋ ಅದನ್ನು ಆರಿಸಿಕೊಳ್ಳಿ, ನೀನು ಎನ್ನಿ ನೀವು ಎನ್ನಿ, ಆದರೆ ಮೊದಲು ಬಿರುದು ಹೇಳಿ ಒಂದು ಉಸಿರು ನಿಂತು ಮುಂದುವರಿಯಿರಿ ಎಂದೆ. ತಲೆಬಾಗುವುದನ್ನು ನಾನೇ ಮಾಡಿ ತೋರಿಸಿದೆ, ಅಜ್ಜಿಯ ಹಾಗೆ. ಮೊದಲು ಮುಸಿಮುಸಿ ನಕ್ಕರು. ಮೂರನೆಯ ಸಲ ಇಬ್ಬರು ಬಾಗಿದರು.

ಮಳೆ ಬೇಡ ಎಂದಿದ್ದ ಹುಡುಗನ ಹೊಸ ಹಾಳೆ ಇದು, ಅಕ್ಷರ ಬದಲಿಸದೆ ಇಳಿಸುತ್ತಿದ್ದೇನೆ. ‘ನನ್ನ ಸ್ವಾಮಿ ಯೇಸುವೇ, ಅಪ್ಪ ದುಬಾಯಿಯಿಂದ ಕ್ರಿಸ್‌ಮಸ್‌ಗೆ ಬರಬೇಕು. ಟಿಕೆಟ್ ಆಗಿಲ್ಲ. ನೀವು ದುಬಾಯಿಗೂ ಸ್ವಾಮಿ ಅಲ್ಲವಾ. ಮಳೆ ನಿಮಗೆ ಬೇಕಾದ ಹಾಗೆ ಬರಲಿ.’

ಹಬ್ಬದ ದಿನ ಅವನೇ ಮೊದಲು ಓದುತ್ತಾನೆ.

ಕುವೈತಿನಿಂದ ದಾದಿ

ಆ ಹುಡುಗನ ಅಪ್ಪ ಬಂದರೆ ಇಲ್ಲಿ ತಿಳಿಸಿ ಟೀಚರ್. ಇಂದಿನಿಂದ ನನ್ನ ಪ್ರಾರ್ಥನೆಯಲ್ಲಿ ಅವರಿದ್ದಾರೆ.

ಬದಿಯಡ್ಕದ ನಿವೃತ್ತ ಮಾಸ್ತರ

ಟೀಚರ್, ಹಾಳೆಯಲ್ಲಿ ಒಂದೇ ಒಂದು ತಿದ್ದುಪಡಿ ಮಾಡಿಸಿ. ಹೆಸರಿಸುವಾಗ ‘ಸ್ವಾಮಿ’, ಕರೆಯುವಾಗ ‘ಸ್ವಾಮೀ’. ಸಂಬೋಧನೆಯಲ್ಲಿ ಕೊನೆಯ ಸ್ವರ ದೀರ್ಘವಾಗುತ್ತದೆ. ಓದುವಾಗಲೂ ಅದನ್ನು ಎಳೆದು ಓದಲಿ, ದುಬಾಯಿಯವರೆಗೆ ಕೇಳಿಸುವ ಹಾಗೆ.